ಸೈಕಲ್ ಕೊಳ್ಳುವ ಮುನ್ನ ಅಳತೆಯ ಟೇಪು ಹಿಡಿಯಿರಿ!

ಮಕ್ಕಳೇ, 7ನೇ ತರಗತಿ ಮುಗಿದ ಮೇಲೆ ನಿಮ್ಮಲ್ಲಿ ಹಲವರು ಪ್ರೌಢಶಾಲೆಗಾಗಿ ಹೊನ್ನಾಳಿಗೋ ನ್ಯಾಮತಿಗೋ ದಿನವೂ ಹೋಗಿ ಬರಬೇಕು. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಆ ವಿತರಣೆ ನಿಂತಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಆದರೆ ಶಾಲೆಯ ವೇಳೆಗೆ ಬಸ್ಸೇ ಬಾರದ ಹಳ್ಳಿಯ ಮಕ್ಕಳು ಏನು ಮಾಡಬೇಕು? ಅಲ್ಲಿ ಸೈಕಲ್ ಇದ್ದರೆ ಓದು ಮುಂದುವರಿಯುತ್ತದೆ. ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣದಲ್ಲಿ ಒಳ್ಳೆಯ ಸೈಕಲ್ ಆರಿಸುವುದು ಹೇಗೆ? ಬನ್ನಿ, ವಿಜ್ಞಾನದ ಸಹಾಯ ಪಡೆಯೋಣ.

1. ಎತ್ತರ ಸರಿಯಿದೆಯೇ?

"ಮಗು ಬೆಳೆಯುತ್ತದೆ, ದೊಡ್ಡದೇ ಇರಲಿ" ಎಂದು ಹಲವರು ಎತ್ತರದ ಸೈಕಲ್ ಕೊಳ್ಳುತ್ತಾರೆ. ಆಗ ಮಗು ಒಳಪೆಡಲ್ ಹೊಡೆಯಬೇಕಾಗುತ್ತದೆ. ದೇಹ ಒಂದು ಕಡೆಗೆ ವಾಲಿ ಸಮತೋಲನ ತಪ್ಪುತ್ತದೆ. ಸೈಕಲ್ಲಿನ ಬಾರ್ ಮೇಲೆ ಕಾಲು ದಾಟಿಸಿ ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ಹೆಚ್ಚು ಕಡಿಮೆ ನೇರವಾಗಬೇಕು. ಸೀಟನ್ನು ಏರಿಸಬಹುದು, ಇಳಿಸಬಹುದು. ಸೈಕಲ್ಲಿನ ಚೌಕಟ್ಟನ್ನು ಬದಲಿಸಲಾಗದು. ಆದ್ದರಿಂದ ಮೊದಲು ಚೌಕಟ್ಟನ್ನು ನೋಡಿ.

2. ಹಲ್ಲುಗಳ ಲೆಕ್ಕ

ಪೆಡಲ್ ಬಳಿಯ ದೊಡ್ಡ ಹಲ್ಲುಚಕ್ರವನ್ನೂ ಹಿಂದಿನ ಚಕ್ರದ ಚಿಕ್ಕ ಹಲ್ಲುಚಕ್ರವನ್ನೂ ನೋಡಿ. ದೊಡ್ಡದರಲ್ಲಿ 48, ಚಿಕ್ಕದರಲ್ಲಿ 16 ಹಲ್ಲುಗಳಿವೆ ಎಂದುಕೊಳ್ಳೋಣ. 48 ÷ 16 = 3. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ 3 ಸುತ್ತು ತಿರುಗುತ್ತದೆ. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಹಾಗಾದರೆ ಸೈಕಲ್ 6.6 ಮೀಟರ್ ಮುಂದೆ ಹೋಗುತ್ತದೆ. ಭಾಗಲಬ್ಧ 2 ಬಂದರೆ 4.4 ಮೀಟರ್ ಮಾತ್ರ. ಆದರೆ ತುಳಿಯುವುದು ಹಗುರ. ದೂರದಲ್ಲಿ ಗಳಿಸಿದ್ದನ್ನು ಬಲದಲ್ಲಿ ಕೊಡಲೇಬೇಕು!

ಗೇರ್ ಸೈಕಲ್ಲಿನಲ್ಲಿ ಈ ಭಾಗಲಬ್ಧವನ್ನು ಓಡಿಸುತ್ತಲೇ ಬದಲಿಸಬಹುದು. ತೀರ್ಥರಾಮೇಶ್ವರದ ಗುಡ್ಡದಂಥ ಏರಿನಲ್ಲಿ ಅದು ಉಪಯುಕ್ತ. ತುಂಗಭದ್ರೆಯ ದಡದ ಗದ್ದೆ ಬಯಲಿನ ಸಮತಟ್ಟು ದಾರಿಗೆ ಸಾದಾ ಸೈಕಲ್ ಸಾಕು. ಅದರ ಬೆಲೆ ಕಡಿಮೆ, ರಿಪೇರಿಯೂ ಸುಲಭ.

3. ಬ್ರೇಕ್ ಮತ್ತು ಗಾಳಿ

ಬ್ರೇಕ್ ರಬ್ಬರ್ ರಿಮ್ಮನ್ನು ಒತ್ತಿದಾಗ ಘರ್ಷಣೆಯಿಂದ ಚಲನ ಶಕ್ತಿ ಶಾಖವಾಗುತ್ತದೆ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಿಡಿದ ಮೇಲೆ 2 ಮೀಟರಿನಲ್ಲಿ ನಿಲ್ಲುವ ಸೈಕಲ್, ಎರಡು ಪಟ್ಟು ವೇಗದಲ್ಲಿದ್ದರೆ ಸುಮಾರು 8 ಮೀಟರ್ ಹೋಗಿ ನಿಲ್ಲುತ್ತದೆ. ರಿಮ್ ಒದ್ದೆಯಾದರೆ ಘರ್ಷಣೆ ಇನ್ನೂ ಕಡಿಮೆ. ಆದ್ದರಿಂದ ಕೊಳ್ಳುವಾಗ ಹಿಂದಿನ, ಮುಂದಿನ ಎರಡೂ ಬ್ರೇಕ್ ಹಿಡಿದು ನೋಡಿ.

ಗಾಳಿ ತುಂಬಿದ ಟೈರನ್ನು 1887-88ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬವರು ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ತಯಾರಿಸಿದರು. ಗಾಳಿ ಕಡಿಮೆಯಿದ್ದರೆ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚು ಅಮುಕಿಕೊಳ್ಳುತ್ತದೆ. ನೀವು ತುಳಿದ ಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ.

4. ಹಳೆಯ ಸೈಕಲ್ಲಿಗೆ ಐದು ಪರೀಕ್ಷೆ

(ಅ) ಚಕ್ರವನ್ನು ಎತ್ತಿ ತಿರುಗಿಸಿ. ರಿಮ್ಮಿಗೂ ಬ್ರೇಕ್ ರಬ್ಬರಿಗೂ ನಡುವಿನ ಅಂತರ ಬದಲಾಗುತ್ತಿದ್ದರೆ ರಿಮ್ ಬೆಂಡಾಗಿದೆ.
(ಆ) ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ. ಬಿಗಿಯಾದ ಕಡ್ಡಿಯ ಸ್ವರ ಏರು, ಸಡಿಲವಾದದ್ದರ ಸ್ವರ ಇಳಿ. ವೀಣೆಯ ತಂತಿಯ ನಿಯಮವೇ ಇಲ್ಲಿಯೂ!
(ಇ) ಚಕ್ರವನ್ನು ಅಡ್ಡಡ್ಡ ಅಲುಗಾಡಿಸಿ. ಟಕಟಕ ಎಂದರೆ ಒಳಗಿನ ಗುಂಡುಗಳು ಸವೆದಿರಬಹುದು ಅಥವಾ ಸಡಿಲವಾಗಿರಬಹುದು.
(ಈ) ಚೌಕಟ್ಟಿನ ಕೊಳವೆಗಳು ಸೇರುವ ಜಾಗಗಳಲ್ಲಿ ಬಿರುಕು ಅಥವಾ ವೆಲ್ಡಿಂಗ್ ಗುರುತು ಇದೆಯೇ ನೋಡಿ. ಬಿರುಕಿದ್ದರೆ ಆ ಸೈಕಲ್ ಬೇಡ.
(ಉ) ಟೈರುಗಳನ್ನು ಒದ್ದೆ ಮಾಡಿ ಒಣ ನೆಲದ ಮೇಲೆ ಸೈಕಲನ್ನು ನೇರವಾಗಿ ತಳ್ಳಿ. ಹಿಂದಿನ ಚಕ್ರದ ಗುರುತು ಮುಂದಿನದರ ಮೇಲೆಯೇ ಬೀಳಬೇಕು. ಪಕ್ಕಕ್ಕೆ ಸರಿದಿದ್ದರೆ ಚಕ್ರ ಓರೆಯಾಗಿ ಕೂತಿರಬಹುದು ಅಥವಾ ಚೌಕಟ್ಟು ಸೊಟ್ಟಗಾಗಿರಬಹುದು.

5. ಯಾವುದು ಅಗ್ಗ?

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಹೊಸ ಸೈಕಲ್ಲಿಗೆ 5,400 ರೂಪಾಯಿ. 8ರಿಂದ 10ನೇ ತರಗತಿಯವರೆಗೆ 600 ದಿನ ಓಡುತ್ತದೆ. ದಿನಕ್ಕೆ 9 ರೂಪಾಯಿ. ಹಳೆಯದಕ್ಕೆ 1,500, ಟೈರು, ಟ್ಯೂಬು, ಚೈನಿಗೆ 1,500, ಒಟ್ಟು 3,000. ಅದೂ 600 ದಿನ ಓಡಿದರೆ ದಿನಕ್ಕೆ 5 ರೂಪಾಯಿ. 200 ದಿನಕ್ಕೇ ಮೂಲೆ ಸೇರಿದರೆ ದಿನಕ್ಕೆ 15 ರೂಪಾಯಿ! ಬೆಲೆ ಕಡಿಮೆ ಎಂದ ಮಾತ್ರಕ್ಕೆ ಅಗ್ಗವಲ್ಲ. ಬಾಳಿಕೆಯನ್ನೂ ಸೇರಿಸಿ ನೋಡಬೇಕು.

ಮಾಡಿ ನೋಡಿ

ಶಾಲೆಗೆ ಬರುವ ಮೂರು ಸೈಕಲ್ಲುಗಳನ್ನು ಆರಿಸಿ. ಟೈರಿನ ಮೇಲೂ ಅದರ ಕೆಳಗಿನ ನೆಲದ ಮೇಲೂ ಸೀಮೆಸುಣ್ಣದ ಗುರುತು ಹಾಕಿ. ಟೈರಿನ ಗುರುತು ಮತ್ತೆ ನೆಲ ಮುಟ್ಟುವವರೆಗೆ ತಳ್ಳಿ, ದೂರ ಅಳೆಯಿರಿ. ಸೈಕಲ್ ನಿಂತಿರುವಾಗಲೇ ಹಲ್ಲುಗಳನ್ನು ಎಣಿಸಿ. ತಿರುಗುವ ಚೈನಿನ ಬಳಿ ಬೆರಳು ಒಯ್ಯಬೇಡಿ. ಪೆಡಲಿನ ಒಂದು ಸುತ್ತಿಗೆ ಪ್ರತಿ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂದು ಪಟ್ಟಿ ಮಾಡಿ.

ಯೋಚಿಸಿ ಉತ್ತರಿಸಿ

1. ಕ್ಯಾರಿಯರ್ ಮೇಲೆ ಗೆಳೆಯ ಕುಳಿತರೆ ಸೈಕಲ್ ನಿಲ್ಲಲು ಹೆಚ್ಚು ದೂರ ಬೇಕೇ? ಏಕೆ?
2. ನಿಮ್ಮ ಮನೆಯಿಂದ ಶಾಲೆಗೆ ಪೆಡಲನ್ನು ಎಷ್ಟು ಸುತ್ತು ತುಳಿಯಬೇಕು?