ಸಂತೆಯಲ್ಲಿ ಉಸಿರಾಡುವ ಸೊಪ್ಪು

ಬಡಾವಣೆಯ ರೈತರ ಸಂತೆಯಲ್ಲಿ ಗೋಣಿಯ ಮೇಲೆ ಹರಡಿರುವ ದಂಟು, ಮೆಂತ್ಯ, ಬೆಂಡೆ, ಅವರೆಗಳನ್ನು ನಾವು ನಿರ್ಜೀವ ಸರಕುಗಳೆಂದು ಭಾವಿಸಿ ಕೊಳ್ಳುವುದುಂಟು. ಆದರೆ ಗಿಡದಿಂದ ಕಿತ್ತ ಮಾತ್ರಕ್ಕೆ ಎಲೆಯ ಅಥವಾ ಕಾಯಿಯ ಜೀವಕೋಶಗಳು ಸಾಯುವುದಿಲ್ಲ. ಅವು ಗಾಳಿಯ ಆಮ್ಲಜನಕವನ್ನು ಹೀರಿ, ತಮ್ಮಲ್ಲಿರುವ ಸಕ್ಕರೆಯನ್ನು ವ್ಯಯಿಸಿ, ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಶಾಖವನ್ನೂ ಹೊರಬಿಡುತ್ತಲೇ ಇರುತ್ತವೆ. ಗಿಡದಲ್ಲಿದ್ದಾಗ ಈ ವೆಚ್ಚವನ್ನು ತುಂಬಿಕೊಡಲು ಬೇರು, ಬಿಸಿಲು ಎರಡೂ ಇದ್ದವು. ಈಗ ಜಮೆಯಿಲ್ಲ, ಖರ್ಚು ಮಾತ್ರ. ಬಿಗಿಯಾಗಿ ಕಟ್ಟಿದ ಹಸಿ ಅವರೆಕಾಯಿಯ ಮೂಟೆಯೊಳಗೆ ಕೈಯಿಟ್ಟು ನೋಡಿದರೆ ಈ ಉಸಿರಾಟದ ಶಾಖ ನಮಗೇ ತಿಳಿಯುತ್ತದೆ.

ಉಷ್ಣತೆಯು 10 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ಉಸಿರಾಟದ ವೇಗ ಸಾಮಾನ್ಯವಾಗಿ ಎರಡು ಮೂರು ಪಟ್ಟಾಗುತ್ತದೆ. ಹಳೆಯ ತಳಿಯ ಸಿಹಿಜೋಳದ ತೆನೆಯನ್ನು 30 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಅದರ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮಾಯವಾಗುತ್ತದೆ. ಬಹುಭಾಗ ಪಿಷ್ಟವಾಗಿ ಮಾರ್ಪಡುತ್ತದೆ. ಹಸಿ ಬಟಾಣಿಯ ಕಥೆಯೂ ಇದೇ.

ಸೊಪ್ಪಿನ ಸಂಕಟ ಇನ್ನೂ ತೀವ್ರವಾದುದು. ಅದರ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರು. ಪತ್ರರಂಧ್ರಗಳ ಮೂಲಕವೂ ಎಲೆಯ ಹೊರಮೈಯಿಂದಲೂ ಅದು ಆವಿಯಾಗಿ ಹೋಗುತ್ತದೆ. ನೂರಕ್ಕೆ ಐದರಷ್ಟು ತೂಕ ಕಳೆಯುವಷ್ಟರಲ್ಲಿ ಸೊಪ್ಪು ಬಾಡಿದಂತೆ ಕಾಣುತ್ತದೆ. ಸೊಪ್ಪು ಮಾರುವ ಹೆಂಗಸರು ಒದ್ದೆ ಗೋಣಿ ಹಾಸಿ, ಆಗಾಗ್ಗೆ ನೀರು ಚಿಮುಕಿಸುವುದು ಬರಿಯ ಅಲಂಕಾರಕ್ಕಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಗೋಣಿಯ ನೀರು ಆ ಶಾಖವನ್ನು ಸುತ್ತಲಿನಿಂದ ಸೆಳೆದುಕೊಂಡು ಸೊಪ್ಪನ್ನು ತಂಪಾಗಿಡುತ್ತದೆ.

ಹೊತ್ತು ಇಳಿದಂತೆ ಬೆಲೆಯೂ ಇಳಿಯುತ್ತದೆ. ಕೊಳ್ಳುವವರು ಇದನ್ನು ತಮ್ಮ ಚೌಕಾಸಿಯ ಜಾಣತನವೆಂದು ಎಣಿಸುತ್ತಾರೆ. ಹೆಚ್ಚಿನ ಪಾಲು ಪತ್ರರಂಧ್ರಗಳ ಕೆಲಸ! ಶೀತಲಗೃಹವಿಲ್ಲದ ರೈತನು ಉಳಿದ ಸೊಪ್ಪನ್ನು ನಾಳೆಗೆ ಇಟ್ಟುಕೊಳ್ಳಲಾರನು, ಬಂದಷ್ಟಕ್ಕೆ ಕೊಟ್ಟು ಬಸ್ಸು ಹತ್ತುತ್ತಾನೆ. ಆದುದರಿಂದ ಹೊಲಕ್ಕೂ ಅಡುಗೆಮನೆಗೂ ನಡುವೆ ಕಳೆಯುವ ಪ್ರತಿಯೊಂದು ಗಂಟೆಗೂ ಬೆಲೆಯುಂಟು. 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಆದ ಸಂಸ್ಥೆಯೂ, 1999ರಲ್ಲಿ ಆರಂಭವಾದ ತಮಿಳುನಾಡಿನ ಉಳವರ್ ಸಂದೈ, ಆಂಧ್ರದ ರೈತು ಬಜಾರುಗಳೂ ಮಧ್ಯವರ್ತಿಗಳ ಹಂತಗಳನ್ನು ಕಡಮೆ ಮಾಡಲು ಹೊರಟವು. ಹಂತ ಕಡಮೆಯಾದರೆ ಹೊತ್ತೂ ಉಳಿಯುತ್ತದೆ.

ಸಂತೆಗೆ ಮನೆಯ ಚಿಕ್ಕವರನ್ನೂ ಕರೆದೊಯ್ದರೆ ಅವರಿಗೊಂದು ಸುಲಭ ಪ್ರಯೋಗವಿದೆ. ಸಮಾನವಾಗಿ ದೋರೆಯಾದ ಎರಡು ಟೊಮೇಟೊಗಳನ್ನು ಆರಿಸಿ, ಒಂದನ್ನು ಕಾಗದದ ಚೀಲದಲ್ಲಿ ಮಾಗಿದ ಬಾಳೆಹಣ್ಣಿನೊಡನೆಯೂ, ಇನ್ನೊಂದನ್ನು ಬೇರೊಂದು ಚೀಲದಲ್ಲಿ ಒಂಟಿಯಾಗಿಯೂ ಇಡಬೇಕು. ಹಣ್ಣಿನ ಜೊತೆಯಲ್ಲಿರುವುದು ಸಾಮಾನ್ಯವಾಗಿ ಮೊದಲು ಕೆಂಪಾಗುವುದು. ಮಾಗುವ ಹಣ್ಣು ಹೊರಬಿಡುವ ಎಥಿಲೀನ್ ಅನಿಲವೇ ಇದಕ್ಕೆ ಕಾರಣ. ಈ ಅನಿಲವು ಸಸ್ಯಗಳ ಮೇಲೆ ಪರಿಣಾಮ ಬೀರುವುದನ್ನು ರಷ್ಯಾದ ನೆಲ್ಯುಬೋವ್ 1901ರಲ್ಲಿ ತೋರಿಸಿದ್ದನು. ಹಣ್ಣೇ ಅದನ್ನು ತಯಾರಿಸುವುದೆಂದು 1934ರಲ್ಲಿ ಇಂಗ್ಲೆಂಡಿನ ಗೇನ್ ಸಿದ್ಧಪಡಿಸಿದನು. ಇದೇ ಅನಿಲವು ಸೊಪ್ಪಿನ ಹಸಿರನ್ನು ಅಳಿಸಿ ಹಳದಿಯಾಗಿಸುತ್ತದೆಯಾದ್ದರಿಂದ, ಸಂತೆಯಿಂದ ಬಂದೊಡನೆ ಬಾಳೆಯ ಚಿಪ್ಪನ್ನೂ ಕೊತ್ತಂಬರಿಯ ಕಟ್ಟನ್ನೂ ಬೇರೆ ಬೇರೆ ಬುಟ್ಟಿಗಳಲ್ಲಿ ಇಡುವುದು ಒಳ್ಳೆಯದು.