ಹಾಟ್ ಟಬ್‌ಗೆ ಸಹಿ ಹಾಕುವ ಮುನ್ನ

ಅಮೆರಿಕದಲ್ಲಿ ಮನೆ ಮಾಡಿ ಒಂದೆರಡು ಚಳಿಗಾಲ ಕಳೆದ ಮೇಲೆ ಹಿತ್ತಲಲ್ಲೊಂದು ಹಾಟ್ ಟಬ್ ಬೇಕು ಅನ್ನಿಸುವುದು ಸಹಜ. ಹಂಡೆ ನೀರಿನ ಸ್ನಾನ ಕಂಡು ಬೆಳೆದವರಿಗೆ ಆ ಆಸೆ ಇನ್ನೂ ಹೆಚ್ಚು. ಬೇಡ ಅಂತ ನಾನು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಜಕೂಜಿ ಕುಟುಂಬ 1956ರಲ್ಲಿ ಮಾರುಕಟ್ಟೆಗೆ ತಂದ, ಸ್ನಾನದ ತೊಟ್ಟಿಯ ನೀರನ್ನು ಚಿಮ್ಮಿಸುವ ಪಂಪ್ ಹುಟ್ಟಿದ್ದೇ ಆ ಮನೆಯ ಹುಡುಗನ ಸಂಧಿವಾತದ ನೋವಿಗೆ. ಬಿಸಿನೀರಿನ ಆರಾಮ ಸುಳ್ಳಲ್ಲ. ಆದರೆ ಚೀಟಿಯಲ್ಲಿರುವ ಬೆಲೆ ಖರ್ಚಿನ ಮೊದಲ ಕಂತು ಮಾತ್ರ. ಮಿಕ್ಕಿದ್ದನ್ನು ಕೊಳ್ಳುವ ಮುಂಚೆಯೇ ಕೂಡಿಸಿ ನೋಡಿ.

• ಮೇಳದಲ್ಲಿ, ಹೋಮ್ ಶೋನಲ್ಲಿ "ಇವತ್ತಿಗೆ ಮಾತ್ರ ಈ ರೇಟು" ಅಂದರೆ ಅಲ್ಲೇ ಸಹಿ ಮಾಡಬೇಡಿ. ಮಾಡಿಬಿಟ್ಟಿದ್ದರೂ ಗಾಬರಿ ಬೇಡ. ಅಂಗಡಿ ಬಿಟ್ಟು ತಾತ್ಕಾಲಿಕ ಜಾಗದಲ್ಲಿ 130 ಡಾಲರ್ ಅಥವಾ ಹೆಚ್ಚಿನದನ್ನು ಕೊಂಡಾಗ, ಮೂರನೇ ವ್ಯವಹಾರದ ದಿನದ ಮಧ್ಯರಾತ್ರಿಯೊಳಗೆ ರದ್ದು ಮಾಡುವ ಹಕ್ಕನ್ನು ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಸಾಮಾನ್ಯವಾಗಿ ಕೊಡುತ್ತದೆ. ರದ್ದತಿ ಫಾರಂ ಕೇಳಿ ಇಸಿದುಕೊಳ್ಳಿ. ಅಂಗಡಿಗೇ ಹೋಗಿ ಕೊಂಡರೆ ಈ ನಿಯಮದ ಆಸರೆ ಇರುವುದಿಲ್ಲ.

• ಡೆಕ್ ಮೇಲೆ ಇಡುತ್ತೇವೆ ಅನ್ನುವವರು ತೂಕದ ಲೆಕ್ಕ ಹಾಕಲೇಬೇಕು. 400 ಗ್ಯಾಲನ್ ಅಂದರೆ ಸುಮಾರು 1,500 ಲೀಟರ್. ನೀರೇ ಒಂದೂವರೆ ಟನ್ ಆಯಿತು. ಖಾಲಿ ಟಬ್, ಅದರೊಳಗೆ ಐದು ಜನ ಸೇರಿದರೆ ಎರಡೂಕಾಲು ಟನ್ ಹತ್ತಿರ. ಏಳಡಿಗೆ ಏಳಡಿ ಜಾಗದಲ್ಲಿ ಚದರಡಿಗೆ ಸುಮಾರು 100 ಪೌಂಡ್ ಭಾರ ಬೀಳುತ್ತದೆ. ಮನೆಯ ಡೆಕ್ಕನ್ನು ಸಾಮಾನ್ಯವಾಗಿ ಕಟ್ಟಿರುವುದು ಚದರಡಿಗೆ 40 ಪೌಂಡ್ ಭಾರಕ್ಕೆ. ಇಂಜಿನಿಯರ್ ನೋಡಿ ಒಪ್ಪದೆ ಮುಂದುವರಿಯಬೇಡಿ. ಕಾಂಕ್ರೀಟ್ ಕಟ್ಟೆ ಹಾಕಿಸಿ ನೆಲದ ಮೇಲೇ ಇಡುವುದು ನನಗೆ ಸರಿ ಕಾಣುತ್ತದೆ.

• ಹಿತ್ತಲ ಗೇಟಿನ ಅಗಲ ಅಳೆಯಿರಿ. ಟಬ್ಬನ್ನು ಅಡ್ಡ ನಿಲ್ಲಿಸಿ ತಳ್ಳಿದರೂ ಹೋಗದಿದ್ದರೆ ಕ್ರೇನ್ ತರಿಸಬೇಕು, ಅದರ ಬಾಡಿಗೆ ನಿಮ್ಮದೇ.

• ದೊಡ್ಡ ಟಬ್‌ಗೆ 240 ವೋಲ್ಟ್‌ನ, ಹೆಚ್ಚಾಗಿ 50 ಆಂಪ್‌ನ ಪ್ರತ್ಯೇಕ ಲೈನ್ ಬೇಕು. ಕರೆಂಟ್ ಸೋರಿದರೆ ಕಡಿತಗೊಳಿಸುವ ಜಿಎಫ್‌ಸಿಐ ಬ್ರೇಕರ್, ನೀರಿನಿಂದ ಕನಿಷ್ಠ ಐದಡಿ ದೂರದಲ್ಲಿ ಕಣ್ಣಿಗೆ ಕಾಣುವಂತೆ ಒಂದು ಡಿಸ್‌ಕನೆಕ್ಟ್ ಸ್ವಿಚ್, ಊರಿನ ಪರ್ಮಿಟ್ ಇವೆಲ್ಲ ಅದರ ಜೊತೆಗೇ ಬರುತ್ತವೆ. ಹಳೇ ಮನೆಯ 100 ಆಂಪ್ ಪ್ಯಾನೆಲ್ ಸಾಲದೇ ಹೋದರೆ ಅದನ್ನೂ ಬದಲಿಸಬೇಕಾದೀತು. ಪರಿಚಯದ ಹುಡುಗನ ಕೈಲಿ ಸುಲಭಕ್ಕೆ ಮಾಡಿಸುವ ಕೆಲಸ ಇದಲ್ಲ. ನೀರು, ಕರೆಂಟು, ಒದ್ದೆ ಮೈ ಒಂದೇ ಕಡೆ ಇರುತ್ತವೆ. ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ಗೇ ಹಣ ಕೊಡಿ.

• ಕರೆಂಟ್ ಬಿಲ್ ಬಗ್ಗೆ ಮಾರುವವನ ಬಾಯಿಮಾತು ಬೇಡ, ಸ್ಟ್ಯಾಂಡ್‌ಬೈ ವ್ಯಾಟ್ ಎಷ್ಟು ಅಂತ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಮಾರುವ ಟಬ್‌ಗಳ ಮೇಲೆ ಇದನ್ನು ಹೇಳುವ ಲೇಬಲ್ ಕಡ್ಡಾಯ. 150 ವ್ಯಾಟ್ ಅಂದರೆ ಯಾರೂ ಇಳಿಯದೆ, ಮುಚ್ಚಳ ಹಾಕಿಟ್ಟೇ ವರ್ಷಕ್ಕೆ ಸುಮಾರು 1,300 ಯೂನಿಟ್. ಯೂನಿಟ್ಟಿಗೆ 15 ಸೆಂಟ್ ಇರುವಲ್ಲಿ ಅದು 200 ಡಾಲರ್ ಆಸುಪಾಸು, 30 ಸೆಂಟ್ ಇರುವಲ್ಲಿ ಎರಡರಷ್ಟು. ಆ ವ್ಯಾಟ್ ಅಳೆಯುವ ಪರೀಕ್ಷೆ ನಡೆಯುವುದು ಹದವಾದ ಹವೆಯಲ್ಲಿ. ಮಿನೆಸೋಟದ ಜನವರಿಗೆ ಹೆಚ್ಚೇ ಹಿಡಿಯಿರಿ.

• ನೀರು ಬದಲಿಸುವುದಕ್ಕೆ ಒಂದು ರೂಢಿಯ ಲೆಕ್ಕವಿದೆ. ಗ್ಯಾಲನ್ನನ್ನು ಮೂರರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ದಿನಕ್ಕೊಮ್ಮೆ ಅನ್ನುವುದು ಸಿಗುತ್ತದೆ. 400 ಗ್ಯಾಲನ್‌ಗೆ ದಿನಾ ಇಬ್ಬರಾದರೆ ಎರಡು ತಿಂಗಳು ಚಿಲ್ಲರೆ. ಹೊಸ ನೀರನ್ನು 10 ಡಿಗ್ರಿ ಸೆಲ್ಸಿಯಸ್‌ನಿಂದ 40ಕ್ಕೆ ಏರಿಸಲು ಪ್ರತಿ ಸಲ 50 ಯೂನಿಟ್ ಮೇಲೆ ಹೋಗುತ್ತದೆ.

• ನಮ್ಮ ಮನೆಗಳಿಗೇ ಮುಖ್ಯವಾದ ಮಾತೊಂದಿದೆ. ದೀಪಾವಳಿಯ ಅಭ್ಯಂಜನ ಮಾಡಿ, ಮೈತುಂಬ ಎಳ್ಳೆಣ್ಣೆಯಿಟ್ಟುಕೊಂಡು ಟಬ್‌ಗೆ ಇಳಿಯಬೇಡಿ. ತಲೆಗೆ ಕೊಬ್ಬರಿ ಎಣ್ಣೆ ಇದ್ದರೂ ಅಷ್ಟೇ. ಎಣ್ಣೆ ನೀರಿನ ಅಂಚಿಗೆ ಜಿಡ್ಡಿನ ಗೆರೆಯಾಗಿ ಹತ್ತುತ್ತದೆ, ಫಿಲ್ಟರಿನ ಮಡಿಕೆಗಳಲ್ಲಿ ಅಂಟಿ ಕೂರುತ್ತದೆ, ಕ್ಲೋರಿನ್ನನ್ನು ತಿಂದುಹಾಕುತ್ತದೆ. ಜೆಟ್ ಹಾಕಿದೊಡನೆ ನೊರೆ ಏಳುತ್ತದೆ. ಮೊದಲು ಬಚ್ಚಲಲ್ಲಿ ಸೀಗೆಪುಡಿಯೋ ಸೋಪೋ ಹಚ್ಚಿ ಚೆನ್ನಾಗಿ ತೊಳೆದುಕೊಂಡು ಬನ್ನಿ. ಈಜುಡುಗೆಯಲ್ಲಿ ಉಳಿದ ಡಿಟರ್ಜೆಂಟೂ ನೊರೆ ಎಬ್ಬಿಸುತ್ತದೆ, ಅದನ್ನು ಬರೀ ನೀರಲ್ಲಿ ಜಾಲಿಸಿ.

• ಕ್ಲೋರಿನ್ ಕನಿಷ್ಠ 3 ಪಿಪಿಎಂ, ಪಿಎಚ್ 7.0ರಿಂದ 7.8. ಪರೀಕ್ಷಾ ಪಟ್ಟಿ ಅದ್ದಿ ನೋಡುವುದು ಎರಡು ನಿಮಿಷದ ಕೆಲಸ, ಆದರೆ ತಪ್ಪಿಸುವಂತಿಲ್ಲ. 2019ರಲ್ಲಿ ನಾರ್ತ್ ಕ್ಯಾರೊಲೈನಾದ ಫ್ಲೆಚರ್‌ನಲ್ಲಿ ನಡೆದ ಮೌಂಟನ್ ಸ್ಟೇಟ್ ಫೇರ್ ನಂತರ ನೂರಕ್ಕೂ ಹೆಚ್ಚು ಜನ ಲೀಜನೇರ್ಸ್ ಎಂಬ, ನೀರಿನ ಬ್ಯಾಕ್ಟೀರಿಯಾದಿಂದ ಬರುವ ಶ್ವಾಸಕೋಶದ ಕಾಯಿಲೆಗೆ ಬಿದ್ದರು. ತನಿಖೆ ಬೊಟ್ಟು ಮಾಡಿದ್ದು ಪ್ರದರ್ಶನಕ್ಕೆ ಇಟ್ಟ ಹಾಟ್ ಟಬ್‌ಗಳ ಕಡೆಗೆ. ಹತ್ತಿರ ಹಾದುಹೋದವರಿಗೂ ಆ ಹಬೆ ಸಾಕಾಗಿತ್ತು.

• ಮುಚ್ಚಳ ಸವೆಯುವ ವಸ್ತು. ಒಳಗಿನ ಫೋಮ್ ವರ್ಷಗಳು ಕಳೆದಂತೆ ಹಬೆ ಕುಡಿದು ಭಾರವಾಗುತ್ತದೆ. ಒಬ್ಬರೇ ಎತ್ತುತ್ತಿದ್ದುದನ್ನು ಇಬ್ಬರು ಎತ್ತುವಂತಾದರೆ, ಮೂಸಿದಾಗ ಮುಗ್ಗಲು ವಾಸನೆ ಬಂದರೆ, ಅದು ಶಾಖ ಹಿಡಿಯುವುದನ್ನು ನಿಲ್ಲಿಸಿದೆ ಅಂತಲೇ ತಿಳಿಯಿರಿ. ನಾಲ್ಕೈದು ವರ್ಷಕ್ಕೊಮ್ಮೆ ಹೊಸದಕ್ಕೆ ನೂರಾರು ಡಾಲರ್ ತೆಗೆದಿಡಿ.

• ಡಿಸೆಂಬರಿನಲ್ಲಿ ಆರು ವಾರ ಊರಿಗೆ ಹೋಗುವವರು ಇದನ್ನು ಎರಡು ಸಲ ಓದಿ. ಟಬ್ ಇಟ್ಟುಕೊಳ್ಳುವುದು ಮನೆಯಲ್ಲಿ ಎಮ್ಮೆ ಕಟ್ಟಿದ ಹಾಗೆ, ನೋಡಿಕೊಳ್ಳಲು ಯಾರಾದರೂ ಇರಲೇಬೇಕು. ಕೊರೆಯುವ ಚಳಿಯಲ್ಲಿ ಕರೆಂಟ್ ಹೋಗಿ ಬಹಳ ಹೊತ್ತು ಬಾರದಿದ್ದರೆ ಕೊಳವೆಯ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಟೆಕ್ಸಾಸ್‌ನಂಥ ಬಿಸಿ ರಾಜ್ಯದಲ್ಲೂ 2021ರ ಫೆಬ್ರವರಿಯಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಒಂದೋ ನೆರೆಯವರಿಗೆ ಕೀಲಿ ಕೊಟ್ಟು ಹೋಗಿ, ಇಲ್ಲವೇ ತಿಳಿದವರಿಂದ ಕೊಳವೆ, ಪಂಪುಗಳ ಕೊನೆಯ ಹನಿಯವರೆಗೂ ನೀರು ತೆಗೆಸಿ.

• ಈಗ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಉದಾಹರಣೆಗೆ ಟಬ್ 10,000 ಡಾಲರ್. ಕಟ್ಟೆ, ವೈರಿಂಗ್ 4,000. ಕರೆಂಟ್, ರಾಸಾಯನಿಕ, ಫಿಲ್ಟರ್ ತಿಂಗಳಿಗೆ 65ರಂತೆ ಹತ್ತು ವರ್ಷಕ್ಕೆ 7,800. ಎರಡು ಮುಚ್ಚಳ 1,000. ರಿಪೇರಿ 1,500 ಅಂತ ಹಿಡಿಯೋಣ. ಒಟ್ಟು 24,300. ವರ್ಷಕ್ಕೆ ನೂರು ಸಲ ಇಳಿದರೆ ಒಂದು ಸಲಕ್ಕೆ 24 ಡಾಲರ್, ಇಪ್ಪತ್ತೈದೇ ಸಲವಾದರೆ 97. ನಿಮ್ಮ ಊರಿನ ದರ ಹಾಕಿ, ನಿಮ್ಮ ನಿಜವಾದ ಅಭ್ಯಾಸ ಹಾಕಿ ನೋಡಿ.

• ಅನುಮಾನವಿದ್ದರೆ ಮೊದಲು ಗಾಳಿ ತುಂಬುವ ಟಬ್ ತನ್ನಿ. ಶಾಖ ಹಿಡಿಯುವುದು ಕಮ್ಮಿ, ಗಡ್ಡೆ ಕಟ್ಟುವ ಚಳಿಗೆ ಎಷ್ಟೋ ಮಾದರಿ ಒಗ್ಗುವುದಿಲ್ಲ. ಆದರೂ ಒಂದು ಶರತ್ಕಾಲ ದಾಟುವಷ್ಟರಲ್ಲಿ ವಾರಕ್ಕೆ ಎಷ್ಟು ಸಲ ಇಳಿಯುತ್ತೀರಿ ಅನ್ನುವುದು ನಿಮಗೇ ಗೊತ್ತಾಗುತ್ತದೆ.

• ಊರಿಂದ ಬಂದ ಅಪ್ಪ ಅಮ್ಮನನ್ನು ಪ್ರೀತಿಯಿಂದಲೇ ಇಳಿಸುತ್ತೀರಿ, ಅದು ನನಗೆ ಗೊತ್ತು. ಬಿಪಿ, ಹೃದಯ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಬಸುರಿಯರಿಗೆ ಬೇಡ. ನೀರು 104 ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು. ಹಿರಿಯರಿಗೆ ಇನ್ನೂ ಕಡಿಮೆ ಇರಲಿ, ಹೊತ್ತೂ ಹತ್ತು ನಿಮಿಷ ಮೀರದಿರಲಿ. ಏಳುವಾಗ ತಲೆ ಸುತ್ತಬಹುದು, ಪಕ್ಕದಲ್ಲೇ ನಿಂತು ಕೈ ಹಿಡಿಯಿರಿ. ಎಲ್ಲರೂ ಹೊರಬಂದ ಮೇಲೆ ಮುಚ್ಚಳಕ್ಕೆ ಬೀಗ ಹಾಕಿ, ಕೀಲಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.