ರಾಗಿ ತಿನ್ನೋರಿಗೆ ಒಂದು ಮಾತು

"ರಾಗಿ ತಿನ್ನೋರು ನಾವು, ನಮಗೆಲ್ಲಿಯ ಶುಗರ್ರು?" ಅನ್ನುವ ಜಂಬ ಮಾಗಡಿ, ಕನಕಪುರದ ಕಡೆ ಇನ್ನೂ ಹೋಗಿಲ್ಲ. ಹುಡುಗರೇ, ಆ ಜಂಬ ನಿಮಗೆ ಬೇಡ.

ರಾಗಿಯನ್ನು ನಾನು ಹಳಿಯುತ್ತಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರದು. ಆದರೆ ದೇಶದಾದ್ಯಂತ 1.2 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ನೋಡಿದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2025ರ ವರದಿ ಓದಿ. ಒಟ್ಟು ಪಿಷ್ಟ ಅಷ್ಟೇ ಇಟ್ಟುಕೊಂಡು ಅನ್ನದ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗಿದ್ದು ಕಾಣಲಿಲ್ಲ. ಪಿಷ್ಟದ ಸ್ವಲ್ಪ ಪಾಲನ್ನು ಕಾಳಿಗೆ, ಹಾಲು-ಮೊಸರಿಗೆ ಬಿಟ್ಟುಕೊಟ್ಟವರಲ್ಲಿ ಕಡಿಮೆ ಇತ್ತು.

ಇದಕ್ಕೆ ಪೇಟೆಯ ಪ್ರೋಟೀನ್ ಡಬ್ಬ ಹುಡುಕಬೇಕಿಲ್ಲ. ಮಾಗಡಿಯ ಸೊಗಡವರೆ ಇದೆ, ಹುರುಳಿ ಇದೆ, ಅಲಸಂದೆ ಇದೆ. ಮುದ್ದೆಯ ಗಾತ್ರ ಇಳಿಸಿ, ಬಸ್ಸಾರಿನ ಪಲ್ಯ ಎರಡು ಪಾಲು ಬಡಿಸಿಕೊಳ್ಳಿ. ನಿಮ್ಮ ತಾತ ಅಷ್ಟು ದಪ್ಪ ಮುದ್ದೆ ನುಂಗಿ ಗದ್ದೆಗೆ ಇಳಿಯುತ್ತಿದ್ದ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ. ನೀವು ಅದನ್ನೇ ಉಂಡು ಚನ್ನಪಟ್ಟಣದಲ್ಲಿ ರೈಲು ಹತ್ತಿ, ಬೆಂಗಳೂರಿನ ಕುರ್ಚಿಯಲ್ಲಿ ಸಂಜೆಯವರೆಗೆ ಕೂರುತ್ತೀರಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸ್ಟೇಷನ್ನಿಗೆ ಬೈಕು ಬಿಟ್ಟು ನಡೆದರೇ ಅರ್ಧ ಲೆಕ್ಕ ಮುಗಿಯುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಪೊಟ್ಟಣವೂ ಆ ಲೆಕ್ಕಕ್ಕೇ ಸೇರುತ್ತವೆ. ಬೀಡಿ, ಸಿಗರೇಟಿನ ವಿಷಯ ಮಾತಾಡುವುದೇ ಬೇಡ, ಬಿಡಿ ಅಷ್ಟೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಮಾತ್ರೆಯದು. ಬಿ.ಪಿ. ಬಂದರೆ ಸಾಮಾನ್ಯವಾಗಿ ನೋವಿಲ್ಲ, ಸುಸ್ತಿಲ್ಲ. ಅದಕ್ಕೇ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ತಿಂಗಳು ಮಾತ್ರೆ ನುಂಗಿ, ಅಳತೆ ಸರಿಬಂದ ಕೂಡಲೇ "ನಾರ್ಮಲ್ ಆಯ್ತು" ಎಂದು ನಿಲ್ಲಿಸುತ್ತಾರೆ. ಸರಿಬಂದಿರುವುದೇ ಆ ಮಾತ್ರೆಯಿಂದ! ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ, ಒಂದು ದಿನ ಲಕ್ವ ಹೊಡೆಯಬಹುದು, ಇಲ್ಲವೇ ಮೂತ್ರಪಿಂಡ ಕೆಡಬಹುದು. ರಾಮನಗರದ ರೇಷ್ಮೆ ನೂಲು ಬಿಚ್ಚುವವರಿಗೂ ಚನ್ನಪಟ್ಟಣದ ಗೊಂಬೆ ಕಡೆಯುವವರಿಗೂ ದಿನಗೂಲಿ ಬಿಟ್ಟು ಆಸ್ಪತ್ರೆಯಲ್ಲಿ ಸಾಲು ನಿಲ್ಲುವುದು ಕಷ್ಟ, ಒಪ್ಪುತ್ತೇನೆ. ಆ ಕೆಲಸಕ್ಕೆ ಮನೆಯ ಓದಿದ ಮಕ್ಕಳು ಹೆಗಲು ಕೊಡಬೇಕು.

30 ದಾಟಿದ ಎಲ್ಲರ ಬಿ.ಪಿ., ಶುಗರ್ ನೋಡುವುದು ಸರ್ಕಾರದ್ದೇ ಕಾರ್ಯಕ್ರಮ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ "ನಮಗೇನಿಲ್ಲ" ಎಂದು ಬಾಗಿಲಿಂದಲೇ ಕಳಿಸಬೇಡಿ. ಈ ಭಾನುವಾರ ಊರಿಗೆ ಹೋದರೆ ಅಪ್ಪನ ಮಾತ್ರೆ ಪಟ್ಟಿ ಕೈಗೆತ್ತಿಕೊಂಡು ಎಷ್ಟು ಉಳಿದಿವೆ ಎಣಿಸಿ. ಹೆಚ್ಚು ಉಳಿದಿದ್ದರೆ ಬೈಯಬೇಡಿ. ಸೋಮವಾರ ಅರ್ಧ ದಿನ ರಜೆ ಹಾಕಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ನಿಮ್ಮ ಬಿ.ಪಿ., ಶುಗರನ್ನೂ ಅಲ್ಲೇ ನೋಡಿಸಿಕೊಂಡು ಬನ್ನಿ.